ಟ್ರ್ಯಾಕ್ಟರ್ ಕೊಳ್ಳುವ ಮುಂಚೆ: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಭತ್ತದ ದುಡ್ಡು ಕೈಗೆ ಬಂದರೆ ಸಾಕು, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಶೋರೂಮುಗಳ ಮುಂದೆ ಹೂವಿನ ಹಾರ ಹಾಕಿದ ಟ್ರ್ಯಾಕ್ಟರುಗಳು ಸಾಲಾಗಿ ನಿಲ್ಲುತ್ತವೆ. ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಮನೆಗೆ ತರುವುದು ಖುಷಿಯ ಕೆಲಸವೇ. ಆದರೆ ಲೆಕ್ಕ ಆಮೇಲೆ ಹಾಕಿದರೆ ಪ್ರಯೋಜನವಿಲ್ಲ. ಕೆಳಗಿರುವ ಬೆಲೆ, ಬಾಡಿಗೆ, ಬಡ್ಡಿಗಳನ್ನು ಲೆಕ್ಕದ ದಾರಿ ತೋರಿಸಲು ಉದಾಹರಣೆಗೆ ಹಿಡಿದಿದ್ದೇನೆ. ನಿಮ್ಮೂರಿನ ಅಂಕಿ ಹಾಕಿಕೊಂಡು ಮತ್ತೊಮ್ಮೆ ಕೂಡಿಸಿ ನೋಡಿ.

ನನಗೆ 8 ಎಕರೆ ಗದ್ದೆ ಇದೆ. ಸ್ವಂತ ಟ್ರ್ಯಾಕ್ಟರ್ ತಗೊಳ್ಳಲಾ, ಬಾಡಿಗೆಯೇ ಸಾಕಾ?

ಎಕರೆ ಬಿಡಿ, ತಾಸು ಎಣಿಸಿ. ಟ್ರ್ಯಾಕ್ಟರ್ ಲಾಭವೋ ನಷ್ಟವೋ ಅನ್ನುವುದನ್ನು ತೀರ್ಮಾನಿಸುವುದು ಅದು ವರ್ಷಕ್ಕೆ ಎಷ್ಟು ತಾಸು ದುಡಿಯುತ್ತದೆ ಅನ್ನುವ ಒಂದೇ ಅಂಕಿ.

ಒಂದು 45 ಎಚ್‌ಪಿ ಟ್ರ್ಯಾಕ್ಟರ್ ರಸ್ತೆಗೆ ಇಳಿಯುವ ಹೊತ್ತಿಗೆ 8 ಲಕ್ಷ ಆಯಿತು ಅಂತ ಹಿಡಿಯೋಣ. ಹತ್ತು ವರ್ಷ ಬಳಸಿ 2 ಲಕ್ಷಕ್ಕೆ ಮಾರಿದಿರಿ. ಅಂದರೆ ಸವಕಳಿಯೇ ವರ್ಷಕ್ಕೆ 60,000. ಅದರಲ್ಲಿ ಸಿಕ್ಕಿಕೊಂಡ ದುಡ್ಡು ಸರಾಸರಿ 5 ಲಕ್ಷ, 10%ರಂತೆ ಬಡ್ಡಿ 50,000. ಸಾಲ ಮಾಡದೆ ಸ್ವಂತ ದುಡ್ಡು ಹಾಕಿದ್ದರೂ ಈ ಬಡ್ಡಿ ಹಿಡಿಯಲೇಬೇಕು, ಆ ದುಡ್ಡು ಬೇರೆ ಕಡೆ ದುಡಿಯುತ್ತಿತ್ತು ಅಲ್ವಾ. ವಿಮೆ, ಶೆಡ್ಡು, ಸಣ್ಣಪುಟ್ಟದಕ್ಕೆ 15,000. ಒಟ್ಟು 1,25,000. ಟ್ರ್ಯಾಕ್ಟರ್ ಶೆಡ್ಡಿನಿಂದ ಆಚೆ ಬರದಿದ್ದರೂ ಇದು ಖರ್ಚೇ.

ಓಡಿದಾಗ ಆಗುವ ಖರ್ಚು ಬೇರೆ. ತಾಸಿಗೆ 5 ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ ಹಿಡಿದರೆ 450. ಆಯಿಲ್, ರಿಪೇರಿಗೆ 100, ಡ್ರೈವರ್ ಕೂಲಿ 100. ತಾಸಿಗೆ 650.

ಈಗ ನಿಮ್ಮ 8 ಎಕರೆಗೆ ಬನ್ನಿ. ಉಳುಮೆ, ಕೆಸರು ಮಾಡುವುದು, ಮಟ್ಟ ಮಾಡುವುದು, ಗೊಬ್ಬರ, ಭತ್ತ ಸಾಗಿಸುವುದು ಎಲ್ಲ ಸೇರಿ ಎಕರೆಗೆ ಒಂದು ಬೆಳೆಗೆ ಆರು ತಾಸು ಅಂದುಕೊಳ್ಳಿ. ಎರಡು ಬೆಳೆಗೆ ಹನ್ನೆರಡು. ಎಂಟು ಎಕರೆಗೆ ಹತ್ತಿರಹತ್ತಿರ 100 ತಾಸು. 1,25,000ವನ್ನು 100 ತಾಸಿಗೆ ಹಂಚಿದರೆ 1,250. ಓಡಿಸುವ ಖರ್ಚು 650 ಕೂಡಿಸಿದರೆ ತಾಸಿಗೆ 1,900 ಆಯಿತು. ಊರಲ್ಲಿ ಬಾಡಿಗೆ ತಾಸಿಗೆ 1,000 ಇದ್ದರೆ ನೀವೇ ನಿಮಗೆ ಹತ್ತಿರಹತ್ತಿರ ಎರಡು ಪಟ್ಟು ಬಾಡಿಗೆ ಕೊಟ್ಟಂತೆ.

ಹಾಗಾದರೆ ಎಷ್ಟು ತಾಸಿಗೆ ಸರಿಹೋಗುತ್ತದೆ? ಬಾಡಿಗೆ 1,000ದಲ್ಲಿ ಓಡಿಸುವ ಖರ್ಚು 650 ಕಳೆದರೆ 350 ಉಳಿಯುತ್ತದೆ. 1,25,000ವನ್ನು 350ರಿಂದ ಭಾಗಿಸಿ: ಸುಮಾರು 357 ತಾಸು. ಇದು ಇಂಜಿನ್ನಿನ, ಅಂದರೆ ಬರೀ ಟ್ರ್ಯಾಕ್ಟರಿನ ಲೆಕ್ಕ. ಮಣ್ಣು ಪುಡಿ ಮಾಡುವ ರೋಟಾವೇಟರ್, ಟ್ರಾಲಿ ಇನ್ನೂ ಸೇರಿಲ್ಲ. ಅವನ್ನೂ ಸೇರಿಸಿದರೆ ವರ್ಷಕ್ಕೆ 450-500 ತಾಸು ದುಡಿಸುವ ದಾರಿ ಇದ್ದವರು ಮಾತ್ರ ನಿಶ್ಚಿಂತೆಯಿಂದ ಕೊಳ್ಳಬಹುದು ಅನ್ನುವುದು ನನ್ನ ಅಂದಾಜು.

ಲೆಕ್ಕ ಸರಿ. ಆದರೆ ಬೇಕಾದಾಗ ಬಾಡಿಗೆ ಟ್ರ್ಯಾಕ್ಟರ್ ಸಿಗುವುದೇ ಇಲ್ಲವಲ್ಲ?

ಈ ಮಾತಿನಲ್ಲಿ ಹುರುಳಿದೆ. ಕಾಲುವೆಗೆ ನೀರು ಬಿಟ್ಟ ವಾರ ಇಡೀ ಊರಿಗೆ ಒಂದೇ ಸಲ ಟ್ರ್ಯಾಕ್ಟರ್ ಬೇಕು. ಯಲಬುರ್ಗಾ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಕಡಲೆ, ಜೋಳ ಬಿತ್ತುವವರಿಗೆ ಹದ ಸಿಗುವುದೇ ನಾಲ್ಕಾರು ದಿನ. ಬೇಗ ಇಳಿದರೆ ಗಾಲಿಗೆ ಮಣ್ಣು ಮೆತ್ತುತ್ತದೆ, ತಡವಾದರೆ ಹೆಂಟೆ ಏಳುತ್ತದೆ. ಹದ ತಪ್ಪಿದ ನಷ್ಟ ಬಾಡಿಗೆ ಉಳಿತಾಯಕ್ಕಿಂತ ದೊಡ್ಡದಾಗಬಹುದು.

ಹಾಗಾಗಿ ಒಂದು ಕೆಲಸ ಮಾಡಿ. ಕಳೆದ ಮೂರು ವರ್ಷದಲ್ಲಿ ಟ್ರ್ಯಾಕ್ಟರ್ ಸಿಗದೆ ಬಿತ್ತನೆ ಅಥವಾ ನಾಟಿ ತಡವಾಗಿ ಎಷ್ಟು ಚೀಲ ಕಮ್ಮಿ ಆಯಿತು ಅಂತ ಬರೆದುಕೊಳ್ಳಿ. ನಿಜವಾಗಿ ಆಗಿದ್ದರೆ ಅದನ್ನು ಟ್ರ್ಯಾಕ್ಟರಿನ ಲಾಭದ ಬದಿಗೆ ಸೇರಿಸಿ. ಆಗಿಲ್ಲ, ಬರೀ ಕಾದು ಬೇಜಾರಾಗಿದೆ ಅಂದರೆ ಅದಕ್ಕೆ 8 ಲಕ್ಷ ಜಾಸ್ತಿಯಾಯಿತು. ಬಾಡಿಗೆಯವನಿಗೆ ಸ್ವಲ್ಪ ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಳ್ಳುವುದೂ ಒಂದು ದಾರಿ. ಉದ್ರಿ ಗಿರಾಕಿಗಳ ನಡುವೆ ಕೈಯಲ್ಲಿ ದುಡ್ಡು ಇಟ್ಟವರ ಹೊಲಕ್ಕೇ ಇಂಜಿನ್ ಮೊದಲು ಹೋಗುವುದು.

ಬಾಡಿಗೆಗೆ ಓಡಿಸಿ ಕಂತು ಕಟ್ಟಿದರಾಯಿತು ಅಂತಾರೆ. ನಂಬಬಹುದಾ?

ಅರ್ಧ ನಂಬಿ. ಬಾಡಿಗೆ ದುಡಿಮೆ ಇದೆ, ಸುಳ್ಳಲ್ಲ. ಆದರೆ ಮೂರು ತೊಡಕುಗಳನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ನಿಮ್ಮ ಗದ್ದೆಗೆ ಟ್ರ್ಯಾಕ್ಟರ್ ಬೇಕಾದ ವಾರವೇ ಗಿರಾಕಿಗಳಿಗೂ ಬೇಕು. ಉಳಿದ ತಿಂಗಳು ಇಬ್ಬರಿಗೂ ಬೇಡ.

ಬಾಡಿಗೆ ಬಹುಪಾಲು ಉದ್ರಿ. "ರಾಶಿ ಆದ ಮೇಲೆ ಕೊಡ್ತೀನಿ ಅಣ್ಣ" ಅಂದವನು ಸಂಬಂಧಿಕ, ಇಲ್ಲ ಪಕ್ಕದ ಹೊಲದವನು. ಗಟ್ಟಿಯಾಗಿ ಕೇಳಲಾಗುವುದಿಲ್ಲ. ಡೀಸೆಲ್ ಬಂಕಿನವನು ಮಾತ್ರ ಉದ್ರಿ ಕೊಡುವುದಿಲ್ಲ. ಹೀಗೆ ಪುಸ್ತಕದಲ್ಲಿ ಲಕ್ಷ ರೂಪಾಯಿ ಬಾಕಿ ಇದ್ದು, ಕಂತಿನ ದಿನ ಜೇಬು ಖಾಲಿ ಇರುವ ಮಾಲೀಕರು ನಮ್ಮ ಕಡೆ ಊರಿಗೊಬ್ಬರು ಸಿಗುತ್ತಾರೆ.

ಮೂರನೆಯದು ನೀರು. ತುಂಗಭದ್ರಾ ಜಲಾಶಯ 2023ರಲ್ಲಿ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಮರುವರ್ಷ ತುಂಬಿತು, 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟ್ ಕೂರಿಸಿ ನೀರು ತಡೆಯುವವರೆಗೆ ಇಡೀ ಸೀಮೆ ಉಸಿರು ಬಿಗಿಹಿಡಿದು ಕೂತಿತ್ತು. ಬೇಸಿಗೆ ಬೆಳೆ ಇಲ್ಲದ ವರ್ಷ ಗದ್ದೆಯಲ್ಲಿ ಕೆಲಸವಿಲ್ಲ, ಬಾಡಿಗೆ ಇಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ.

ಆದ್ದರಿಂದ ಬಾಡಿಗೆಯಿಂದ ಬರುತ್ತದೆ ಅಂದುಕೊಂಡ ಮೊತ್ತದಲ್ಲಿ ಅರ್ಧವನ್ನಷ್ಟೇ ಕಂತಿನ ಲೆಕ್ಕಕ್ಕೆ ಹಿಡಿಯಿರಿ. ಜೊತೆಗೆ ಒಂದು ಬೆಳೆಯ ವರ್ಷದಲ್ಲೂ ಕಂತು ಕಟ್ಟಲಾಗುತ್ತದಾ ಅಂತ ಒಂದು ಸಲ ಲೆಕ್ಕ ಹಾಕಿ. ಆಗುವುದಿಲ್ಲ ಅಂತ ಬಂದರೆ ಮುಂಗಡ ಹೆಚ್ಚಿಸಿ, ಇಲ್ಲವೇ ಸಣ್ಣ ಗಾಡಿ ನೋಡಿ, ಇಲ್ಲವೇ ಒಂದು ವರ್ಷ ಕಾಯಿರಿ.

ಎಷ್ಟು ಎಚ್‌ಪಿ ಬೇಕು?

ಬಾನೆಟ್ ಮೇಲೆ ಬರೆದಿರುವುದು ಇಂಜಿನ್ ಎಚ್‌ಪಿ. ರೋಟಾವೇಟರ್, ರಾಶಿ ಮಷಿನ್ ತಿರುಗಿಸುವುದು ಪಿಟಿಒ (ಹಿಂದೆ ತಿರುಗುವ ಶಾಫ್ಟು) ಎಚ್‌ಪಿ, ಅದು ಯಾವಾಗಲೂ ಕಮ್ಮಿ. 45 ಎಚ್‌ಪಿ ಗಾಡಿಯಲ್ಲಿ ಪಿಟಿಒಗೆ 38-40 ಸಿಗಬಹುದು. ಕೇಳಿಕೊಳ್ಳಬೇಕಾದದ್ದು ಈ ಎರಡನೇ ಅಂಕಿ.

ಸುಮಾರಾಗಿ ಹೇಳುವುದಾದರೆ, 5 ಅಡಿ ರೋಟಾವೇಟರಿಗೆ 35-40 ಎಚ್‌ಪಿ, 6 ಅಡಿಯದಕ್ಕೆ 45-50, 7 ಅಡಿಗೆ 50ರ ಮೇಲೆ. ಮಣ್ಣು ತಿರುವಿ ಹಾಕುವ ಹೈಡ್ರಾಲಿಕ್ ಪಲ್ಟಿ ನೇಗಿಲು ಎರೆ ಹೊಲದಲ್ಲಿ ಎಳೆಯಲು 45ಕ್ಕಿಂತ ಕಮ್ಮಿ ಇದ್ದರೆ ಇಂಜಿನ್ ಏದುಸಿರು ಬಿಡುತ್ತದೆ. ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣು) ಹಗುರ, ಅಲ್ಲಿ ಅದೇ ಕೆಲಸ 35-40ರಲ್ಲಿ ಆರಾಮಾಗಿ ಆಗುತ್ತದೆ. ದಾಳಿಂಬೆ ತೋಟದ ಸಾಲಿನಲ್ಲಿ ತಿರುಗಾಡಲು 18-25 ಎಚ್‌ಪಿಯ ಮಿನಿ ಟ್ರ್ಯಾಕ್ಟರೇ ಸರಿ. ದೊಡ್ಡದು ಒಳಗೆ ಹೊಕ್ಕರೆ ಕೊಂಬೆ ಮುರಿಯುವುದೇ ಹೆಚ್ಚು.

50 ಎಚ್‌ಪಿ ದಾಟುವ ಮುಂಚೆ ಇನ್ನೊಂದು ಗೊತ್ತಿರಲಿ. 2023ರ ಜನವರಿಯಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ. ಅವುಗಳಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಜಾಸ್ತಿ, ಬೆಲೆಯೂ ಜಾಸ್ತಿ, ಊರಿನ ಮೆಕ್ಯಾನಿಕ್ ಪಾನಾ ಹಿಡಿದು ಬಿಚ್ಚುವ ಹಾಗಿಲ್ಲ. 49, 50 ಎಚ್‌ಪಿಯ ಮಾಡೆಲುಗಳು ಸಂತೆಯಲ್ಲಿ ತುಂಬಿರುವುದು ಸುಮ್ನೆ ಅಲ್ಲ.

ಫೋರ್ ವೀಲ್ ಡ್ರೈವ್ ಬೇಕೇ?

ಕೆಸರು ಗದ್ದೆಯೇ ಮುಖ್ಯ ಕೆಲಸವಾದರೆ ಹೌದು. ಗಾಡಿ ಹೂತು, ಇನ್ನೊಂದು ಟ್ರ್ಯಾಕ್ಟರ್ ತಂದು ಎಳೆಸುವ ಫಜೀತಿ ಕಮ್ಮಿ. ಒಣ ಬೇಸಾಯ, ಟ್ರಾಲಿ ಕೆಲಸವೇ ಹೆಚ್ಚಾದರೆ ಬೇಡ. ಮುಂದಿನ ಗಾಲಿಯ ದೊಡ್ಡ ಟೈರು ಟಾರು ರಸ್ತೆಯಲ್ಲಿ ಬೇಗ ಸವೆಯುತ್ತದೆ.

ಯಾವ ಕಂಪನಿ ಒಳ್ಳೆಯದು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ನನ್ನ ಉತ್ತರ: ನಿಮ್ಮ ತಾಲೂಕಿನಲ್ಲಿ ಯಾವ ಕಂಪನಿಯ ಮೆಕ್ಯಾನಿಕ್ ಫೋನ್ ಎತ್ತುತ್ತಾನೋ ಅದು. ನಾಟಿ ಸೀಸನ್ನಿನಲ್ಲಿ ಗಾಡಿ ಮೂರು ದಿನ ನಿಂತರೆ ಮೈಲೇಜಿನ ಉಳಿತಾಯವೆಲ್ಲ ಹೋಯಿತು. ಶೋರೂಮಿಗೆ ಹೋಗುವ ಮುಂಚೆ ಬಿಡಿಭಾಗದ ಅಂಗಡಿಗೆ ಹೋಗಿ. ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಪಂಪ್, ವಾಟರ್ ಪಂಪ್ ಈ ಮೂರರ ಬೆಲೆ ಕೇಳಿ, ಈಗಲೇ ಇದೆಯಾ ಅಂತ ಕೇಳಿ. "ಹುಬ್ಬಳ್ಳಿಯಿಂದ ತರಿಸಬೇಕು" ಅಂದರೆ ಅರ್ಥ ಮಾಡಿಕೊಳ್ಳಿ.

ಮಾಡೆಲಿನ ಸರ್ಕಾರಿ ಪರೀಕ್ಷಾ ವರದಿ ತೋರಿಸಿ ಅಂತ ಡೀಲರನ್ನು ಕೇಳಿ. ಪಿಟಿಒ ಶಕ್ತಿ, ಎತ್ತುವ ಸಾಮರ್ಥ್ಯ, ಡೀಸೆಲ್ ಖರ್ಚು ಅದರಲ್ಲಿರುತ್ತದೆ. ಟ್ರ್ಯಾಕ್ಟರ್ ಪರೀಕ್ಷೆ ಮಾಡುವ ಕೇಂದ್ರ ಸಂಸ್ಥೆ ಮಧ್ಯಪ್ರದೇಶದ ಬುದ್ನಿಯಲ್ಲಿದೆ. ದಕ್ಷಿಣ ವಲಯದ ಸಂಸ್ಥೆ ನಮಗೆ ಹತ್ತಿರವೇ ಇದೆ, ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಅಲ್ಲಿ ರೈತರಿಗೆ ಯಂತ್ರ ಓಡಿಸುವ, ನಿಭಾಯಿಸುವ ತರಬೇತಿಯೂ ಇದೆ. ಬಳ್ಳಾರಿ ಕಡೆಯ ಹುಡುಗರು ಹೋಗಿ ಬರಬೇಕಾದ ಜಾಗ.

ಇಂಜಿನ್ ಜೊತೆಗೆ ಏನೇನು ತಗೋಬೇಕು?

ಬಜೆಟ್ ಹಳ್ಳ ಹಿಡಿಯುವುದು ಇಲ್ಲೇ. 8 ಲಕ್ಷದ ಇಂಜಿನ್ ಅಂತ ಹೊರಟವರು ಟ್ರಾಲಿ, ರೋಟಾವೇಟರ್, ಕಲ್ಟಿವೇಟರ್, ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಗಾಲಿ) ಸೇರಿಸಿ ಮನೆಗೆ ಬರುವಾಗ ಇನ್ನೂ ಮೂರ್ನಾಲ್ಕು ಲಕ್ಷ ಸೇರಿರುತ್ತದೆ. ಅದಕ್ಕೆ ಸಾಲ ಸಿಗದೆ ಕೈಸಾಲ ಮಾಡುತ್ತಾರೆ, ಅದರ ಬಡ್ಡಿ ಬೇರೆ ಥರ.

ವರ್ಷಪೂರ್ತಿ ಬೇಕಾದದ್ದನ್ನು ಕೊಳ್ಳಿ, ವರ್ಷಕ್ಕೆರಡು ದಿನ ಬೇಕಾದದ್ದನ್ನು ಬಾಡಿಗೆ ತನ್ನಿ. ಕಲ್ಟಿವೇಟರ್ ಸ್ವಂತದ್ದು ಇರಲಿ. ಗದ್ದೆಯವರಾದರೆ ಕೇಜ್ ವೀಲ್ ಮತ್ತು ರೋಟಾವೇಟರ್. ಪಲ್ಟಿ ನೇಗಿಲು ಮೂರು ವರ್ಷಕ್ಕೊಮ್ಮೆ ಮಾಗಿ ಉಳುಮೆಗೆ ಸಾಕು, ಬಾಡಿಗೆ ತನ್ನಿ. ಲೇಸರ್ ಲೆವೆಲರ್ ಅಂತೂ ಬಾಡಿಗೆಗೇ ಸರಿ. ಟ್ರಾಲಿಗೆ ಪ್ರತ್ಯೇಕ ನೋಂದಣಿ ಬೇಕು, ಆ ಖರ್ಚನ್ನೂ ಬರೆದುಕೊಳ್ಳಿ.

ಕೇಜ್ ವೀಲ್ ಹಾಕಿಕೊಂಡೇ ಟಾರು ರಸ್ತೆಗೆ ಇಳಿಯಬೇಡಿ. ರಸ್ತೆ ಹಾಳಾಗುತ್ತದೆ, ದಂಡ ಬೀಳುತ್ತದೆ, ವೀಲಿನ ಹಲ್ಲೂ ಸವೆಯುತ್ತದೆ.

ರೋಟಾವೇಟರ್ ಇದ್ದರೆ ಬೇರೆ ಏನೂ ಬೇಡ ಅಂತಾರಲ್ಲ?

ಒಂದೇ ಸುತ್ತಿಗೆ ಮಣ್ಣು ಹಿಟ್ಟಿನ ಹಾಗೆ ಆಗುವುದರಿಂದ ಹಾಗನಿಸುತ್ತದೆ. ಆದರೆ ಅದು ಕೆದಕುವುದು ಮೇಲಿನ ನಾಲ್ಕೈದು ಇಂಚು ಮಾತ್ರ. ವರ್ಷಗಟ್ಟಲೆ ಅದನ್ನೇ ಹೊಡೆದರೆ ಕೆಳಗೆ ಗಟ್ಟಿ ಪದರ ಕೂರುತ್ತದೆ, ಬೇರು ಇಳಿಯುವುದಿಲ್ಲ, ಮಳೆ ನೀರೂ ಇಳಿಯುವುದಿಲ್ಲ. ಭತ್ತಕ್ಕೆ ಆ ಪದರ ನೀರು ನಿಲ್ಲಿಸುವುದರಿಂದ ಅನುಕೂಲವೇ. ಹತ್ತಿ, ತೊಗರಿಗೆ ಮಾತ್ರ ಅದು ಶತ್ರು.

ಬ್ಲೇಡಿನ ಖರ್ಚನ್ನೂ ಹಿಡಿಯಿರಿ. ಮಸಾರಿಯ ಮರಳು, ಗರಸು ಬ್ಲೇಡನ್ನು ಅರೆದುಹಾಕುತ್ತದೆ. ಕೆಲಸದ ಅಂದಾಜು ಹೀಗಿದೆ: 6 ಅಡಿ ರೋಟಾವೇಟರ್, ತಾಸಿಗೆ 3 ಕಿಲೋಮೀಟರ್ ವೇಗ, ತಿರುಗಿಸುವ ಹೊತ್ತು ಕಳೆದರೆ ತಾಸಿಗೆ ಸುಮಾರು ಒಂದು ಎಕರೆ. ಇದಕ್ಕಿಂತ ಬಹಳ ಜಾಸ್ತಿ ಹೊಡೆಯುತ್ತೇನೆ ಅನ್ನುವ ಬಾಡಿಗೆಯವನು ಮೇಲೆಮೇಲೆ ಹಾರಿಸಿಕೊಂಡು ಹೋಗುತ್ತಿದ್ದಾನೆ ಅಂತ ಅರ್ಥ.

ಸಾಲ ಎಲ್ಲಿ ತಗೊಳ್ಳುವುದು? ಡೀಲರ್ ಹತ್ತಿರವೇ ಫೈನಾನ್ಸ್ ಇದೆ, ಎರಡೇ ದಿನದಲ್ಲಿ ಆಗುತ್ತದೆ ಅಂತಾನೆ.

ಎರಡು ದಿನದ ಸಾಲಕ್ಕೂ ಎರಡು ವಾರದ ಬ್ಯಾಂಕ್ ಸಾಲಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ನೋಡಿ. 6 ಲಕ್ಷ ಸಾಲ, ಐದು ವರ್ಷ, ಆರು ತಿಂಗಳಿಗೊಮ್ಮೆ ಕಂತು. 10% ಬಡ್ಡಿಯಾದರೆ ಕಂತು ಸುಮಾರು 77,700. 14% ಆದರೆ ಸುಮಾರು 85,400. ಹತ್ತು ಕಂತಿಗೆ 77,000 ವ್ಯತ್ಯಾಸ. ಹತ್ತು ದಿನ ಕಾದರೆ ಒಂದು ಕಂತು ಪೂರ್ತಿ ಉಳಿಯಿತು.

ಇನ್ನೂ ಹುಷಾರಾಗಿರಬೇಕಾದದ್ದು "ಫ್ಲಾಟ್" ಬಡ್ಡಿಗೆ. "ಬರೀ 8%" ಅಂತ ಹೇಳುತ್ತಾರೆ. ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಐದು ವರ್ಷ ಪೂರ್ತಿ 6 ಲಕ್ಷದ ಮೇಲೇ ಬಡ್ಡಿ. ಬಡ್ಡಿ 2,40,000, ಒಟ್ಟು 8,40,000, ಕಂತು 84,000. ಬ್ಯಾಂಕಿನ ರೀತಿ ಲೆಕ್ಕ ಹಾಕಿದರೆ ಇದು 13% ದಾಟುತ್ತದೆ. ಬಡ್ಡಿ ಎಷ್ಟು ಅಂತ ಕೇಳುವ ಬದಲು "ಕಂತು ಎಷ್ಟು, ಎಷ್ಟು ಕಂತು, ಕೊನೆಗೆ ಒಟ್ಟು ಎಷ್ಟು ಕಟ್ಟಿರುತ್ತೇನೆ" ಅಂತ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ಫೈಲು ಖರ್ಚು, ಸಾಲದ ವಿಮೆ ಅಂತ ಮುರಿದುಕೊಳ್ಳುವುದನ್ನೂ ಅದರಲ್ಲೇ ಬರೆಸಿ.

ತಿಂಗಳ ಕಂತು ಸಂಬಳದವರಿಗೆ. ರೈತನಿಗೆ ಆರು ತಿಂಗಳ ಕಂತೇ ಸರಿ. ಅದರ ದಿನವನ್ನೂ ಬೆಳೆಗೆ ಹೊಂದಿಸಿ. ಮುಂಗಾರಿ ಭತ್ತ ಡಿಸೆಂಬರಿನಲ್ಲಿ ಮಾರುವವರು ಕಂತನ್ನು ಜನವರಿಗೆ ಇಡಿಸಿಕೊಳ್ಳಿ. ಅಕ್ಟೋಬರಿಗೆ ಇಟ್ಟರೆ ಕಂತಿಗಾಗಿ ದಲಾಲಿಯ ಹತ್ತಿರ ಹೋಗಿ, ಆಮೇಲೆ ಅವನು ಹೇಳಿದ ರೇಟಿಗೆ ಭತ್ತ ಕೊಡಬೇಕಾಗುತ್ತದೆ.

ಸಬ್ಸಿಡಿ ಎಷ್ಟು ಸಿಗುತ್ತದೆ?

ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ 50%, ಪರಿಶಿಷ್ಟ ಜಾತಿ, ಪಂಗಡದವರಿಗೆ 90% ಸಹಾಯಧನ ಕೊಡುತ್ತಾ ಬಂದಿದ್ದಾರೆ. ಆದರೆ ಪ್ರತಿ ಯಂತ್ರಕ್ಕೂ ರೂಪಾಯಿಯ ಮಿತಿ ಇದೆ. ಅದನ್ನು ದಾಟಿದ್ದೆಲ್ಲ ನಿಮ್ಮದೇ. ಯಾವ ಯಂತ್ರಕ್ಕೆ ಈ ವರ್ಷ ಎಷ್ಟು ಮಿತಿ, ಅನುದಾನ ಬಂದಿದೆಯಾ ಅಂತ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಸಿದ್ಧವಿರಲಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಪೌತಿ ಖಾತೆಯ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ) ಕೆಲಸ ಮೊದಲು ಮುಗಿಸಿ.

ಸಬ್ಸಿಡಿ ಇದೆ ಅಂತ ಬೇಡದ ಯಂತ್ರ ತರಬೇಡಿ. ಎಷ್ಟೋ ಮನೆಗಳ ಹಿತ್ತಿಲಲ್ಲಿ ಪ್ಲಾಸ್ಟಿಕ್ ಹೊದಿಕೆಯೇ ಬಿಚ್ಚದ ಯಂತ್ರಗಳಿಗೆ ಬಳ್ಳಿ ಹಬ್ಬಿದೆ. ಅಂಗಡಿಯಲ್ಲಿ ಸಬ್ಸಿಡಿ ಇಲ್ಲದೆ ಅದೇ ಯಂತ್ರದ ಬೆಲೆ ಎಷ್ಟು ಅಂತಲೂ ಕೇಳಿ ನೋಡಿ. ಕೆಲವೊಮ್ಮೆ ನಿಮ್ಮ ಪಾಲು ಅಂದುಕೊಂಡಷ್ಟು ಕಮ್ಮಿ ಇರುವುದಿಲ್ಲ.

ಜಿಎಸ್‌ಟಿ ಇಳಿದಿದೆಯಂತೆ, ಬೆಲೆ ಕಮ್ಮಿ ಆಗಿದೆಯಾ?

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ತೆರಿಗೆ 12%ರಿಂದ 5%ಗೆ ಇಳಿದಿದೆ. ಟ್ರ್ಯಾಕ್ಟರ್ ಟೈರಿನದು 18%ರಿಂದ 5%ಗೆ ಬಂದಿದೆ. ತೆರಿಗೆ ಬಿಟ್ಟು 7 ಲಕ್ಷದ ಗಾಡಿಗೆ 49,000 ಉಳಿತಾಯ. ಬಿಲ್ಲಿನಲ್ಲಿ 5% ಅಂತಲೇ ಇದೆಯಾ ನೋಡಿಕೊಳ್ಳಿ. ಬಿಲ್ಲಿಲ್ಲದೆ ಕೊಳ್ಳುವ ಲಾಭ ಈಗ ಬಹಳ ಸಣ್ಣದು.

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಳ್ಳಬಹುದಾ?

ಖಂಡಿತ. ವರ್ಷಕ್ಕೆ ಇನ್ನೂರು, ಮುನ್ನೂರು ತಾಸಿನ ಕೆಲಸ ಇರುವವರಿಗೆ ನಾನು ಹೇಳುವುದೇ ಇದನ್ನು. ಅರ್ಧ ಬೆಲೆಯ ಗಾಡಿಗೆ ಸವಕಳಿ, ಬಡ್ಡಿ ಎರಡೂ ಅರ್ಧ. ಆದರೆ ನೋಡಿ ತಗೊಳ್ಳಬೇಕು.

ಬೆಳಿಗ್ಗೆ ಹೋಗಿ, ಹೇಳದೆ ಹೋಗಿ. ಇಂಜಿನ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ನಿಮಗಾಗಿ ಮೊದಲೇ ಶುರು ಮಾಡಿ ಇಟ್ಟಿದ್ದಾರೆ. ತಣ್ಣಗಿರುವ ಇಂಜಿನ್ ಎಷ್ಟು ಬೇಗ ಎದ್ದುಕೊಳ್ಳುತ್ತದೆ ಅನ್ನುವುದರಲ್ಲಿ ಅರ್ಧ ಕಥೆ ಇದೆ. ಹೊಗೆ ನೀಲಿಯಾಗಿ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ, ರಿಂಗು, ಪಿಸ್ಟನ್ ಕೆಲಸ ಕಾದಿದೆ. ಭಾರವಿಲ್ಲದಾಗಲೂ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಏರ್ ಫಿಲ್ಟರ್, ಅದು ಅಷ್ಟು ದೊಡ್ಡ ಖರ್ಚಲ್ಲ.

ನಮ್ಮ ಕಾಲುವೆ ಸೀಮೆಯ ಗಾಡಿಗಳಿಗೆ ಒಂದು ವಿಶೇಷ ಪರೀಕ್ಷೆ ಇದೆ. ವರ್ಷಕ್ಕೆರಡು ಸಲ ಮೊಳಕಾಲುದ್ದ ಕೆಸರಲ್ಲಿ ಮುಳುಗಿದ ಗಾಡಿ ಅದು. ಗೇರ್ ಬಾಕ್ಸಿನ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲು ಹೋಗಿ ಒಳಗೆ ನೀರು ಸೇರಿದೆ ಅಂತ ಅರ್ಥ. ಹಿಂದಿನ ಆಕ್ಸೆಲ್ ಪಕ್ಕ, ಗಾಲಿಯ ಒಳಬದಿಯಲ್ಲಿ ಆಯಿಲ್ ಕಲೆ ಇದೆಯಾ ಬಗ್ಗಿ ನೋಡಿ. ಬ್ರೇಕ್ ಒಂದೊಂದೇ ಬದಿ ಒತ್ತಿ ನೋಡಿ, ಕೆಸರು ಹೊಕ್ಕ ಬ್ರೇಕ್ ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಡುತ್ತದೆ. ಆಮೇಲೆ ರೋಟಾವೇಟರ್ ಕಟ್ಟಿಸಿ, ಹೈಡ್ರಾಲಿಕ್‌ನಿಂದ ಎತ್ತಿ, ಇಂಜಿನ್ ಬಂದ್ ಮಾಡಿ ಒಂದು ಚಹಾ ಕುಡಿಯಿರಿ. ಅಷ್ಟರಲ್ಲಿ ಅದು ನೆಲಕ್ಕೆ ಕೂತಿದ್ದರೆ ಬೆಲೆ ಇಳಿಸಲು ಕಾರಣ ಸಿಕ್ಕಿತು.

ತಾಸಿನ ಮೀಟರನ್ನು ಪೂರ್ತಿ ನಂಬಬೇಡಿ. ಹಳೆಯ ಗಾಡಿಗಳಲ್ಲಿ ಅದು ಇಂಜಿನ್ ಸುತ್ತಿನ ಮೇಲೆ ಓಡುತ್ತದೆ, ವೇಗ ಕಮ್ಮಿ ಇದ್ದಾಗ ನಿಧಾನವಾಗಿ ಓಡುತ್ತದೆ, ಕೇಬಲ್ ಕಿತ್ತರೆ ನಿಂತೇ ಹೋಗುತ್ತದೆ. ಕ್ಲಚ್ ಪೆಡಲಿನ ರಬ್ಬರ್, ಸೀಟಿನ ಕೆಳಗಿನ ತಗಡು, ಸ್ಟೇರಿಂಗಿನ ಅಂಚು ಎಷ್ಟು ಸವೆದಿದೆ ಅನ್ನುವುದು ಮೀಟರಿಗಿಂತ ನಿಜ ಹೇಳುತ್ತದೆ.

ಕೊನೆಗೆ ಕಾಗದ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಗಾಡಿಯ ಮೇಲಿನ ನಂಬರಿಗೆ ಹೊಂದಬೇಕು. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಪತ್ರ) ಇಲ್ಲದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. "ಕಂತು ಮುಗಿದಿದೆ, ಕಾಗದ ಆಮೇಲೆ ಕೊಡ್ತೀನಿ" ಅಂದವರ ಗಾಡಿಯನ್ನು ಫೈನಾನ್ಸಿನವರು ನಿಮ್ಮ ಹೊಲದಿಂದಲೇ ಎಳೆದುಕೊಂಡು ಹೋಗಬಹುದು.

ಭತ್ತ ಕಟಾವು ಮಷಿನ್ ಕೊಂಡರೆ ಒಳ್ಳೆ ಲಾಭ ಅಂತಾರೆ?

ಲಾಭ ಮಾಡುವವರು ಇದ್ದಾರೆ. ಆದರೆ ಅವರು ಒಂದೇ ಊರಲ್ಲಿ ಕೂತವರಲ್ಲ, ಕಟಾವು ಸಾಗಿದ ಹಾಗೆ ಜಿಲ್ಲೆ, ರಾಜ್ಯ ದಾಟಿ ಮಷಿನ್ ಹೊತ್ತುಕೊಂಡು ಹೋಗುವವರು. 20 ಲಕ್ಷ ದಾಟುವ ಯಂತ್ರ ನಮ್ಮಲ್ಲಿ ಒಂದು ಬೆಳೆಗೆ ಗಟ್ಟಿಯಾಗಿ ಓಡುವುದು ಮೂರ್ನಾಲ್ಕು ವಾರ. ಅದೇ ವಾರಗಳಲ್ಲಿ ತಮಿಳುನಾಡು, ಆಂಧ್ರದಿಂದಲೂ ಲಾರಿಯ ಮೇಲೆ ಮಷಿನುಗಳು ಬಂದಿಳಿಯುತ್ತವೆ, ಬಾಡಿಗೆ ಬೀಳುತ್ತದೆ. ಅತ್ತ ಮಳೆ ಬಂದು ಗದ್ದೆ ಕೆಸರಾದರೆ ಗಾಲಿಯ ಬದಲು ಚೈನಿನ ಮೇಲೆ ಓಡುವ ಮಷಿನಿನ ಬಾಡಿಗೆ ಏರುತ್ತದೆ. ಹೀಗೆ ಏರಿದಾಗ ಜಿಲ್ಲಾಡಳಿತ ತಾಸಿನ ದರ ನಿಗದಿ ಮಾಡಿದ್ದೂ ಇದೆ. ಆಪರೇಟರ್, ಬೆಲ್ಟು, ಬೇರಿಂಗ್, ಚೈನಿನ ಖರ್ಚು ಎಲ್ಲ ನಿಮ್ಮದೇ. ಊರೂರು ತಿರುಗಲು ಸಿದ್ಧರಿಲ್ಲದಿದ್ದರೆ ಇದರ ಸಹವಾಸ ಬೇಡ.

ಬಾಡಿಗೆಗೆ ಕರೆಸುವವರು ದರ ತಾಸಿಗೋ ಎಕರೆಗೋ ಅಂತ ಮೊದಲೇ ಮಾತಾಡಿ. ತಾಸಿಗೆ ಅಂದರೆ ಮೀಟರ್ ನೀವೇ ನೋಡಿ, ಕಾಳು ಖಾಲಿ ಮಾಡುವ ಜಾಗ, ಬದು ದಾಟುವ ದಾರಿ ಸಿದ್ಧ ಇಡಿ. ಮಷಿನ್ ಗದ್ದೆಯಲ್ಲಿ ನಿಂತು ಟ್ರಾಲಿಗಾಗಿ ಕಾಯುವ ಹೊತ್ತಿಗೂ ಬಾಡಿಗೆ ಓಡುತ್ತಿರುತ್ತದೆ.

ನಾಟಿ ಯಂತ್ರ?

ಯಂತ್ರಕ್ಕಿಂತ ಸಸಿ ಮಡಿ ಕಷ್ಟ. ಇದಕ್ಕೆ ಚಾಪೆಯ ಹಾಗೆ ಬೆಳೆದ ಹದಿನೈದು ದಿನದ ಆಸುಪಾಸಿನ ಸಸಿ ಬೇಕು. ಟ್ರೇ ಸಸಿ ಕೈಹಿಡಿಯದ ಕಾರಣಕ್ಕೆ ಯಂತ್ರ ಮೂಲೆ ಸೇರಿಸಿದವರು ಬಹಳ. ಮೊದಲ ವರ್ಷ ಸಸಿಯನ್ನೂ ತಾವೇ ತರುವ ಬಾಡಿಗೆಯವರಿಂದ ಎರಡು ಎಕರೆ ಹಾಕಿಸಿ ನೋಡಿ. ಇನ್ನೊಂದು ದಾರಿ ಕೂರಿಗೆ ಭತ್ತ, ಅಂದರೆ ನಾಟಿ ಇಲ್ಲದೆ ನೇರವಾಗಿ ಬೀಜ ಬಿತ್ತುವುದು. ಕೆಸರು ಮಾಡುವ ತಾಸುಗಳೇ ಉಳಿಯುತ್ತವೆ, ಆದರೆ ಕಳೆ ನಿಭಾಯಿಸುವ ತಾಕತ್ತು ಬೇಕು. ಗಂಗಾವತಿ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಕೇಳಿದರೆ ನಿಮ್ಮ ಮಣ್ಣಿಗೆ ಹೊಂದುತ್ತದಾ ಅಂತ ಹೇಳುತ್ತಾರೆ.

ಹತ್ತಿ, ಮೆಣಸಿನಕಾಯಿ ಬೆಳೆಯುವವರಿಗೆ ಏನು ಬೇಕು?

ಬೆಳೆ ಮೊಳಕಾಲು ದಾಟಿದ ಮೇಲೆ ದೊಡ್ಡ ಟ್ರ್ಯಾಕ್ಟರ್ ಸಾಲಿನಲ್ಲಿ ಹೋಗಲಾಗದು. ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟಿ ಹೊಡೆಯಲು ಎತ್ತು ಇದ್ದವರು ಮಾರಬೇಡಿ. ಎತ್ತಿಲ್ಲದವರು ಪವರ್ ವೀಡರ್ ನೋಡಬಹುದು, ಆದರೆ ಹಸಿ ಎರೆಯಲ್ಲಿ ಹಗುರದ್ದು ಮಣ್ಣು ಮೆತ್ತಿಕೊಂಡು ಕುಣಿಯುತ್ತದೆ. ಕೊಳ್ಳುವ ಮುಂಚೆ ನಿಮ್ಮ ಹೊಲದಲ್ಲೇ ಓಡಿಸಿ ತೋರಿಸಿ ಅನ್ನಿ. ಔಷಧಿ ಹೊಡೆಯುವ ಡ್ರೋನ್ ಸದ್ಯಕ್ಕೆ ಬಾಡಿಗೆಗೇ ಸರಿ. ಎಕರೆಗೆ 10 ಲೀಟರಿನ ಒಂದು ಟ್ಯಾಂಕು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಓಡಿಸುವವರಿಗೆ ಡ್ರೋನ್ ಪೈಲಟ್ ಪ್ರಮಾಣಪತ್ರ ಇದೆಯಾ ಕೇಳಿ.

ನಾವು ನಾಲ್ಕು ಮನೆಯವರು ಸೇರಿ ಕೊಂಡರೆ?

ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಜಗಳಕ್ಕೂ ಇಲ್ಲ. ಯಾರ ಜೊತೆ ಸೇರುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಅಕ್ಕಪಕ್ಕದ ಗದ್ದೆಯವರೇ ಸೇರಿದರೆ ನಾಲ್ವರಿಗೂ ಒಂದೇ ದಿನ ನೀರು ಬರುತ್ತದೆ, ಒಂದೇ ದಿನ ಟ್ರ್ಯಾಕ್ಟರ್ ಬೇಕಾಗುತ್ತದೆ. ಕಾಲುವೆಯ ಮೇಲ್ಭಾಗದವರೊಬ್ಬರು, ಕೊನೆ ಭಾಗದವರೊಬ್ಬರು, ಒಣ ಬೇಸಾಯದವರೊಬ್ಬರು ಸೇರಿದರೆ ಕೆಲಸದ ದಿನಗಳು ತಾವಾಗಿಯೇ ಹಂಚಿಕೆಯಾಗುತ್ತವೆ, ತಾಸೂ ಹೆಚ್ಚುತ್ತದೆ.

ಬರೆದಿಡಬೇಕಾದದ್ದು: ಆರ್‌ಸಿ ಯಾರ ಹೆಸರಲ್ಲಿ, ಡೀಸೆಲ್ ಯಾರು ಹಾಕಿಸಬೇಕು, ಯಾರ ಹೊಲದಲ್ಲಿ ಮುರಿದರೆ ಖರ್ಚು ಯಾರದು, ಒಬ್ಬರು ಬಿಟ್ಟುಹೋದರೆ ಅವರ ಪಾಲು ಎಷ್ಟು. ಸ್ವಂತ ಕೆಲಸಕ್ಕೂ ತಾಸಿಗೆ ಇಷ್ಟು ಅಂತ ಪೆಟ್ಟಿಗೆಗೆ ಹಾಕುವ ಪದ್ಧತಿ ಇಟ್ಟುಕೊಂಡವರು ಬಾಳುತ್ತಾರೆ. ದೊಡ್ಡ ಮಟ್ಟದಲ್ಲಿ ಬಾಡಿಗೆ ಕೇಂದ್ರ ಮಾಡುವ ರೈತ ಸಂಘಗಳು 2020ರಲ್ಲಿ ಶುರುವಾದ ಕೃಷಿ ಮೂಲಸೌಕರ್ಯ ನಿಧಿಯನ್ನು ನೋಡಬಹುದು. 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ 3% ಬಡ್ಡಿ ರಿಯಾಯಿತಿ ಇಟ್ಟಿದ್ದರು, ಈಗ ಹೇಗಿದೆ ಅಂತ ಬ್ಯಾಂಕಿನಲ್ಲಿ ಕೇಳಿ. ಸಣ್ಣವರಿಗೆ ಹೋಬಳಿಗಳಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಯಂತ್ರ ಸೀಸನ್ನಿಗೆ ಮುಂಚೆಯೇ ಬುಕ್ ಆಗಿರುತ್ತದೆ, ಬೇಗ ಹೋಗಿ ಹೆಸರು ಬರೆಸಿ.

ವಿಮೆ ಎಷ್ಟರ ಮಟ್ಟಿಗೆ ಬೇಕು?

ಥರ್ಡ್ ಪಾರ್ಟಿ ಕಡ್ಡಾಯ, ಟ್ರಾಲಿಗೂ. ಸಾಲ ಇರುವವರೆಗೆ ಪೂರ್ತಿ ವಿಮೆ ಮಾಡಿಸಿ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಕೂಲಿಯವರನ್ನು ಟ್ರಾಲಿಯಲ್ಲಿ ತುಂಬಿಕೊಂಡು ಹೋಗುವುದು ನಮ್ಮಲ್ಲಿ ದಿನದ ನೋಟ. ಟ್ರಾಲಿ ಸರಕಿನ ಗಾಡಿ. ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಬಹುದು, ಆಗ ಪರಿಹಾರದ ಹೊರೆ ಮಾಲೀಕನ ಮೇಲೆ ಬಂದು ಹೊಲ ಮಾರಿಸುತ್ತದೆ. ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವಚವನ್ನೂ ಕಿತ್ತು ಬಿಸಾಡಬೇಡಿ. ಲುಂಗಿ, ಟವೆಲ್ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ.

ರಿಪೇರಿಗೆ ಎಷ್ಟು ಎತ್ತಿಡಬೇಕು?

ಓಡಿದ ಪ್ರತಿ ತಾಸಿಗೆ 100 ರೂಪಾಯಿ ಬೇರೆ ಖಾತೆಗೆ ಹಾಕಿ. ಮೊದಲ ಎರಡು ವರ್ಷ ಖರ್ಚೇ ಆಗದೆ ಕೂಡುತ್ತದೆ. ನಾಲ್ಕನೇ, ಐದನೇ ವರ್ಷ ಹಿಂದಿನ ಟೈರು, ಕ್ಲಚ್ ಒಟ್ಟಿಗೆ ಬಂದಾಗ ಅದೇ ದುಡ್ಡು ಬೇಕಾಗುತ್ತದೆ. ಆಯಿಲನ್ನು ಕಂಪನಿ ಪುಸ್ತಕದಲ್ಲಿ ಹೇಳಿದ ತಾಸಿಗೆ ಬದಲಿಸಿ, ಏರ್ ಫಿಲ್ಟರನ್ನು ರಾಶಿ ಸೀಸನ್ನಿನಲ್ಲಿ ದಿನವೂ ನೋಡಿ.

ಸಾಲ ತೀರಿತು. ಇನ್ನೇನಾದರೂ ಇದೆಯಾ?

ಇದೆ, ಬಹಳ ಜನ ಮರೆಯುವುದು ಇದನ್ನೇ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ ಹಾಕಿದ ಫಾರಂ 35 ತಗೊಂಡು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಮೇಲಿನ ಸಾಲದ ನಮೂದು ತೆಗೆಸಿ. ಹೊಲದ ಪಹಣಿಯಲ್ಲಿ ಭೋಜಾ (ಸಾಲದ ನಮೂದು) ಏರಿಸಿದ್ದರೆ ಅದನ್ನೂ ಇಳಿಸಿ. ಎನ್‌ಒಸಿಗೆ ಅವಧಿ ಇರುತ್ತದೆ, ತಂದು ಟ್ರಂಕಿನಲ್ಲಿಟ್ಟರೆ ಮಾರುವ ಹೊತ್ತಿಗೆ ಮತ್ತೆ ಬ್ಯಾಂಕಿಗೆ ಅಲೆಯಬೇಕು.